ಉಣುಗು ಹೆಕ್ಕುವ ಬಿಳಿ ಬಟ್ಟೆ

ನಮ್ಮ ತೆಂಗಿನಗುಂಡಿ ಕಡಲಿನ ಊರು. ಬಂದರು, ದೋಣಿ, ಬಲೆ, ಒಣಮೀನು; ಹೊರಗಿನಿಂದ ಬಂದವರ ಕಣ್ಣಿಗೆ ಬೀಳುವುದು ಇಷ್ಟೇ. ಆದರೆ ಭಟ್ಕಳ ತಾಲ್ಲೂಕಿನಲ್ಲಿ ಕಡಲಿಗೂ ಘಟ್ಟಕ್ಕೂ ನಡುವಿನ ನೆಲ ಬಹಳ ಕಿರಿದು. ಬಂದರಿಗೆ ಬೆನ್ನು ಹಾಕಿ ನಿಂತರೆ ಮೂಡಲಿಗೆ ಸಹ್ಯಾದ್ರಿ ಕಾಣುತ್ತದೆ. ಹಾಡುವಳ್ಳಿಯ ಕಡೆಯಿಂದ ಕೋಗಾರ ಘಟ್ಟ ಹತ್ತಿದರೆ ಆಚೆ ಸಾಗರ ಸೀಮೆ. ಕಡಲಿನವರಿಗೆ ಕಾಡಿನ ಹಂಗು ಇಲ್ಲವೆಂದು ಯಾರೂ ಹೇಳುವಂತಿಲ್ಲ. ಗ್ಯಾಸ್ ಸಿಲಿಂಡರ್ ಬರುವ ಮೊದಲು ನಮ್ಮ ಒಲೆಗೆ ಸೌದೆ ಬರುತ್ತಿದ್ದುದು ಆ ಕಡೆಯಿಂದಲೇ. ತಲೆಗೆ ಹಾಕುವ ಸೀಗೆ, ಅಂಟುವಾಳ, ಬೇಸಿಗೆಯ ಪಾನಕಕ್ಕೆ ಮುರುಗಲು, ಎಲ್ಲವೂ ಅಲ್ಲಿಂದ. ಇಲ್ಲಿಂದ ಅತ್ತ ಹೋಗುತ್ತಿದ್ದುದು ಮೀನಿನ ಬುಟ್ಟಿ. ಎರಡೂ ಕಡೆಯ ಹೊರೆ ಹೊತ್ತವರು ಹೆಚ್ಚಾಗಿ ಹೆಂಗಸರು.

ಹೊರೆಯ ಜೊತೆಗೆ ಸುದ್ದಿಯೂ ಬರುತ್ತಿತ್ತು. ಯಾವ ಊರಿನಲ್ಲಿ ಮದುವೆ, ಯಾರ ಮನೆಯಲ್ಲಿ ಬಾಣಂತನ ಎನ್ನುವುದರ ನಡುವೆ, ಬೇಸಿಗೆ ಹತ್ತಿರವಾದಾಗ ಇನ್ನೊಂದು ಮಾತು ಕೇಳಿಬರುತ್ತಿತ್ತು: 'ಈ ಸಲ ಕಾಡಿನಲ್ಲಿ ಮಂಗ ಸಾಯ್ತಾ ಇವೆಯಂತೆ.' ಹೇಳುವವರ ದನಿ ಅಲ್ಲಿ ಸ್ವಲ್ಪ ತಗ್ಗುತ್ತಿತ್ತು. ಕೇಳಿದವರು ಮಕ್ಕಳನ್ನು ಆ ಕಡೆ ನೆಂಟರ ಮನೆಗೆ ಕಳಿಸುವುದನ್ನು ಮುಂದಕ್ಕೆ ಹಾಕುತ್ತಿದ್ದರು. ಒಂದು ರೋಗದ ಮೇಲೆ ಕಣ್ಣಿಡುವ ಕೆಲಸಕ್ಕೆ ಸರಕಾರಿ ಕಾಗದಪತ್ರಗಳಲ್ಲಿ 'ಕಣ್ಗಾವಲು' ಎಂಬ ದೊಡ್ಡ ಮಾತಿದೆ. ಈ ಹೆಂಗಸರಿಗೆ ಆ ಮಾತು ಗೊತ್ತಿರಲಿಲ್ಲ. ಆದರೆ ಅವರು ಮಾಡುತ್ತಿದ್ದುದು ಅದನ್ನೇ. ಮಂಗನ ಕಾಯಿಲೆಯ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ತಗ್ಗಿದ ದನಿಗಳು.

ಮೊದಲಿಗೇ ಒಂದು ಗೊಂದಲ ಬಿಡಿಸಬೇಕು. ಮಕ್ಕಳಿಗೆ ಕೆನ್ನೆ ಊದಿಕೊಂಡು ಬರುವ ಮಂಗನಬಾವು ಬೇರೆ, ಮಂಗನ ಕಾಯಿಲೆ ಬೇರೆ. ಎರಡರಲ್ಲೂ ಮಂಗನ ಹೆಸರಿರುವುದು ಬಿಟ್ಟರೆ ಅವಕ್ಕೆ ಯಾವ ಸಂಬಂಧವೂ ಇಲ್ಲ. ಮಂಗನ ಕಾಯಿಲೆಗೆ ವೈದ್ಯರು ಕೊಟ್ಟ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ. ಜಗತ್ತಿನ ವೈದ್ಯಗ್ರಂಥಗಳಲ್ಲಿ ನಮ್ಮ ಮಲೆನಾಡಿನ ಒಂದು ಸಣ್ಣ ಊರಿನ ಹೆಸರು ಹೀಗೆ ಸೇರಿಹೋಗಿದೆ. ಹೆಮ್ಮೆಪಡುವ ಸಂಗತಿಯೇನಲ್ಲ.

ಕ್ಯಾಸನೂರು ಇರುವುದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ. ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯ ಸೇರಿದ್ದು 1956ರ ನವೆಂಬರ್ 1ರಂದು. ಅದಾಗಿ ಕೆಲವೇ ತಿಂಗಳಿಗೆ, 1957ರ ಬೇಸಿಗೆಯಲ್ಲಿ, ಸೊರಬದ ಕಾಡಂಚಿನ ಹಳ್ಳಿಗಳಲ್ಲಿ ಜನ ವಿಚಿತ್ರ ಜ್ವರದಿಂದ ಮಲಗತೊಡಗಿದರು. ಇದ್ದಕ್ಕಿದ್ದಂತೆ ಏರುವ ಜ್ವರ, ತಲೆ ಸಿಡಿಯುವ ನೋವು, ಮೈಕೈಯೆಲ್ಲ ಬಡಿದು ಹಾಕಿದಂಥ ಸಂಕಟ; ಕೆಲವರಿಗೆ ವಸಡಿನಿಂದ, ಮೂಗಿನಿಂದ ರಕ್ತ. ವಿಷಮಶೀತ ಜ್ವರವಿರಬೇಕೆಂದು ಮೊದಲು ಊಹಿಸಿದರು. ಆದರೆ ಅದೇ ಹೊತ್ತಿಗೆ ಕಾಡಿನಲ್ಲಿ ಮಂಗಗಳೂ ಸಾಯುತ್ತಿದ್ದವು. ಕೆಂಪು ಮೋರೆಯ ಮಂಗಗಳು, ಕಪ್ಪು ಮೋರೆಯ ಮುಸಿಯಗಳು, ಎರಡು ಜಾತಿಯವೂ. ಹಳ್ಳಿಯವರು ಅದನ್ನು ಕಂಡಿದ್ದರು. ವಿಷಮಶೀತ ಜ್ವರಕ್ಕೆ ಮಂಗ ಸಾಯುವುದಿಲ್ಲವಲ್ಲ!

ಮಂಗ ಸಾಯುವ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ ಅಲ್ಲಿದ್ದವರು ಬೆಚ್ಚಿದರು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯೂ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು. ಮಂಗ ಮತ್ತು ಮನುಷ್ಯ ಒಟ್ಟಿಗೆ ಸಾಯುವ ರೋಗವೆಂದರೆ ಅವರಿಗೆ ತಕ್ಷಣ ಹೊಳೆದದ್ದು ಪೀತಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕಗಳನ್ನು ನಡುಗಿಸಿದ ಆ ರೋಗ ಏಷ್ಯಾಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಬಂದಿದ್ದರೆ ಗತಿಯೇನು? ಕೇಂದ್ರದ ನಿರ್ದೇಶಕ ಡಾ. ಟೆಲ್ಫೋರ್ಡ್ ವರ್ಕ್ ತಮ್ಮ ತಂಡದೊಡನೆ ಸೊರಬಕ್ಕೆ ಧಾವಿಸಿದರು. ಮಾರ್ಚ್ ತಿಂಗಳಲ್ಲಿ ಕ್ಯಾಸನೂರು ಕಾಡಿನ ಮುಸಿಯವೊಂದರ ದೇಹದಿಂದ ವೈರಸ್ ಸಿಕ್ಕಿತು. ಅದು ಪೀತಜ್ವರದ್ದಲ್ಲ. ಎಲ್ಲರಿಗೂ ಅಚ್ಚರಿಯಾಗುವಂತೆ, ರಷ್ಯಾದ ಹಿಮದ ಕಾಡುಗಳಲ್ಲಿ ಮಿದುಳುಜ್ವರ ತರುವ ಒಂದು ವೈರಸ್ಸಿನ ಬಳಗದ್ದು. ರಷ್ಯಾದಲ್ಲಿ ಆ ರೋಗ ಹರಡುವುದು ಉಣುಗುಗಳಿಂದ. ಹಾಗಾದರೆ ಇಲ್ಲಿ?

ಉಣುಗು ಎಂದರೆ ಪೇಟೆಯ ಓದುಗರಿಗೆ ನಾಯಿಯ ಕಿವಿಯೊಳಗೆ ಊದಿಕೊಂಡು ಕೂತ ಬೂದು ಬಣ್ಣದ ಹುಳ ನೆನಪಾಗಬಹುದು. ಪತ್ರಿಕೆಗಳು ಉಣ್ಣೆ ಎಂದು ಬರೆಯುವುದೂ ಇದನ್ನೇ. ಜಾತಿಗಳು ನೂರಾರು. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಕಾಡಿನ ಒಂದು ಸಣ್ಣ ಉಣುಗು. ಶಾಸ್ತ್ರದ ಹೆಸರು ಹೀಮಾಫೈಸಾಲಿಸ್ ಸ್ಪೈನಿಜೆರಾ. ಇದರ ಬಾಳು ಮೂರು ಮನೆಯ ಬಾಳು. ಮೊಟ್ಟೆಯೊಡೆದು ಬಂದ ಮರಿಗೆ ಆರು ಕಾಲು. ಅದು ಇಲಿಗೋ ಹಕ್ಕಿಗೋ ಮಂಗಕ್ಕೋ ಹತ್ತಿ ಒಮ್ಮೆ ರಕ್ತ ಹೀರಿ ನೆಲಕ್ಕೆ ಬೀಳುತ್ತದೆ. ಪೊರೆ ಕಳಚಿ ಎಂಟು ಕಾಲಿನ ಎಳೆ ಉಣುಗಾಗಿ ಇನ್ನೊಂದು ಪ್ರಾಣಿಯನ್ನು ಹುಡುಕುತ್ತದೆ. ಮತ್ತೆ ಬಿದ್ದು, ಬೆಳೆದು, ಕೊನೆಯ ಊಟಕ್ಕೆ ದನದಂಥ ದೊಡ್ಡ ಪ್ರಾಣಿಯನ್ನು ಹತ್ತುತ್ತದೆ. ಆಮೇಲೆ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮರಿಯಲ್ಲಿ ಹೊಕ್ಕ ವೈರಸ್ ಪೊರೆ ಕಳಚಿದರೂ ಹೋಗುವುದಿಲ್ಲ. ಮುಂದಿನ ಅವಸ್ಥೆಗೂ ದಾಟುತ್ತದೆ.

ಮನುಷ್ಯನಿಗೆ ಅಪಾಯ ಹೆಚ್ಚು ಆ ಎಂಟು ಕಾಲಿನ ಎಳೆ ಉಣುಗಿನಿಂದ. ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ತಿಳಿಯುವುದೂ ಕಷ್ಟ. ಮಳೆಗಾಲ ಮುಗಿದು ಮರಿಗಳು ಹೊರಟರೆ, ಡಿಸೆಂಬರ್ ಹೊತ್ತಿಗೆ ಎಳೆ ಉಣುಗುಗಳು ಕಾಣಿಸತೊಡಗಿ ಮೇ ತಿಂಗಳವರೆಗೂ ಇರುತ್ತವೆ. ಮಂಗ ಸಾಯುವುದೂ ಆಗಲೇ, ಜನ ಮಲಗುವುದೂ ಆಗಲೇ.

ಈಗ ಆ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯ ಹೆಂಗಸರು ಏನು ಮಾಡುತ್ತಿರುತ್ತಾರೆ ನೋಡಿ. ಘಟ್ಟದ ಅಂಚಿನ ಮನೆಗಳಲ್ಲಿ ಚಳಿ ಕಳೆಯುತ್ತಿದ್ದಂತೆ ದರಕು ಗುಡಿಸುವ ಕೆಲಸ. ಬೆಟ್ಟದಲ್ಲಿ ಉದುರಿದ ಒಣ ಎಲೆಯನ್ನು ಗುಡಿಸಿ, ಬುಟ್ಟಿಗೆ ಅದುಮಿ ತುಂಬಿ ತರಬೇಕು. ದನದ ಕಾಲಡಿಗೆ ಹಾಸಿದರೆ ಅದೇ ಗೊಬ್ಬರ. ಅಡಿಕೆ ತೋಟಕ್ಕೆ, ಗದ್ದೆಗೆ ಅದೇ ಜೀವಾಳ. ಮಳೆಗಾಲಕ್ಕೆ ಸೌದೆ ಕೂಡಿಡುವುದೂ ಆಗಲೇ. ಸೀಗೆ, ಅಂಟುವಾಳ ಆರಿಸುವುದು ಆಗ, ಗೇರುಬೀಜ ಹೆಕ್ಕುವುದು ಆಗ, ಏಪ್ರಿಲ್-ಮೇ ಬಂತೆಂದರೆ ಮುರುಗಲು ಕೊಯ್ಯುವುದು. ಒಣ ಎಲೆಯ ಹಾಸಿನಲ್ಲಿ, ಮೊಣಕಾಲೆತ್ತರದ ಗಿಡಗಳ ತುದಿಯಲ್ಲಿ ಉಣುಗು ಕಾದಿರುತ್ತದೆ. ಹತ್ತಿರ ಸುಳಿದ ಯಾವ ಪ್ರಾಣಿಯಾದರೂ ಸರಿ, ಮುಂಗಾಲು ಚಾಚಿ ಹಿಡಿದುಕೊಳ್ಳುತ್ತದೆ. ಸೀರೆಯ ಅಂಚು ಅದಕ್ಕೆ ಏಣಿಯಿದ್ದಂತೆ.

ಭಟ್ಕಳ ಪೇಟೆಯ ಮುರುಗಲು ಪಾನಕದ ಲೋಟದ ಹಿಂದೆ, ಸೀಗೆಪುಡಿಯ ಪೊಟ್ಟಣದ ಹಿಂದೆ, ಈ ಲೆಕ್ಕ ಇದೆ. ಪೇಟೆಯಲ್ಲಿರುವ ನಾವು ಅದನ್ನು ಅಷ್ಟಾಗಿ ಯೋಚಿಸುವುದಿಲ್ಲ.

ಇನ್ನು ಬಿಳಿ ಬಟ್ಟೆಯ ವಿಚಾರಕ್ಕೆ ಬರುತ್ತೇನೆ. ಕಾಡಿನಲ್ಲಿ ಉಣುಗು ಎಷ್ಟಿದೆ, ಅದರೊಳಗೆ ವೈರಸ್ ಇದೆಯೇ ಎಂದು ತಿಳಿಯುವುದು ಹೇಗೆ? ಉಪಾಯ ಸರಳ. ಒಂದು ಬಿಳಿಯ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ಕಾಡಿನ ನೆಲದ ಮೇಲೆ, ಗಿಡಗಂಟಿಗಳ ಮೇಲೆ ಎಳೆಯುತ್ತ ಹೋಗುವುದು. ಪ್ರಾಣಿಯೊಂದು ಹಾದುಹೋಯಿತೆಂದು ಉಣುಗು ಬಟ್ಟೆಗೆ ಅಂಟಿಕೊಳ್ಳುತ್ತದೆ. ಕೆಲವು ಹೆಜ್ಜೆಗೊಮ್ಮೆ ನಿಂತು, ಬಟ್ಟೆ ತಿರುವಿ, ಚಿಮಟಿಗೆಯಿಂದ ಒಂದೊಂದನ್ನೇ ಹೆಕ್ಕಿ ಸಣ್ಣ ಸೀಸೆಗೆ ಹಾಕಬೇಕು. ಸೀಸೆಯ ಮೇಲೆ ಜಾಗ, ದಿನ ಬರೆಯಬೇಕು. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಜಾತಿ ಯಾವುದು, ವಯಸ್ಸೆಷ್ಟು ಎಂದು ವಿಂಗಡಣೆ. ನಮ್ಮ ಅಜ್ಜಿಯರು ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ. ಒಂದೇ ಜಾತಿಯ ಹಲವನ್ನು ಕೂಡಿಸಿ ಅರೆದು, ಆ ರಸವನ್ನು ಎಳೆಯ ಇಲಿಮರಿಗಳ ಮಿದುಳಿಗೆ ಚುಚ್ಚಿ, ಅವು ಕಾಯಿಲೆ ಬೀಳುತ್ತವೆಯೋ ಎಂದು ದಿನವೂ ಕಾಯುವುದು ಹಿಂದಿನ ಕ್ರಮ. ಈಗ ವೈರಸ್ಸಿನ ಗುರುತನ್ನು ಯಂತ್ರದಿಂದಲೇ ಪತ್ತೆಮಾಡುವ ಪಿಸಿಆರ್ ಪರೀಕ್ಷೆ ಬಂದಿದೆ. ಕಾಯುವ ದಿನಗಳು ಕಡಿಮೆಯಾಗಿವೆ. ಆದರೆ ಬಿಳಿ ಬಟ್ಟೆ ಎಳೆಯುವ ಕೆಲಸ ಹಾಗೆಯೇ ಇದೆ. ಅದಕ್ಕೆ ಇಂದಿಗೂ ಮನುಷ್ಯರ ಕಾಲು ಸವೆಯಬೇಕು.

1957ರಲ್ಲೇ ಈ ಉಣುಗುಗಳಲ್ಲಿ ವೈರಸ್ ಸಿಕ್ಕಿತು. ಸಾಗರದಲ್ಲಿ ಕ್ಷೇತ್ರಕೇಂದ್ರ ಶುರುವಾಯಿತು. ಡಾ. ಹೆರಾಲ್ಡ್ ಟ್ರಪೀಡೊ, ಪಿ. ಕೆ. ರಾಜಗೋಪಾಲನ್ ಮೊದಲಾದವರು ವರ್ಷಗಟ್ಟಲೆ ಈ ಕಾಡುಗಳಲ್ಲಿ ಉಣುಗು ಹೆಕ್ಕಿಸಿದರು, ಇಲಿ ಹಿಡಿಸಿದರು, ಸತ್ತ ಮಂಗಗಳ ಲೆಕ್ಕ ಬರೆದರು. ಸುಲಭದ ಕೆಲಸವಾಗಿರಲಿಲ್ಲ. ಕಾಡಿನಲ್ಲಿ ತಿರುಗಿದವರಿಗೂ ಪ್ರಯೋಗಾಲಯದಲ್ಲಿ ಸೀಸೆ ಹಿಡಿದವರಿಗೂ ಅದೇ ಜ್ವರ ಹತ್ತಿತು. ವಿಜ್ಞಾನಿಗಳ ಹೆಸರುಗಳು ಪ್ರಬಂಧಗಳಲ್ಲಿ ಉಳಿದವು. ಬಟ್ಟೆ ಎಳೆದ, ಮಂಗದ ಹೆಣ ಹೊತ್ತ ಕೆಲಸಗಾರರ ಹೆಸರುಗಳು ಹಾಜರಿಪುಸ್ತಕದ ಆಚೆಗೆ ಬರಲಿಲ್ಲ. 'ಅಲ್ಲೊಂದು ಮುಸಿಯ ಸತ್ತು ಬಿದ್ದಿದೆ' ಎಂದು ಮೊದಲು ಹೇಳಿದವರ ಹೆಸರಂತೂ ಎಲ್ಲೂ ಇಲ್ಲ.

ರಷ್ಯಾದ ಸಂಬಂಧದಿಂದ ಇನ್ನೊಂದು ಕಥೆ ಹುಟ್ಟಿತು. ಸೈಬೀರಿಯಾದಿಂದ ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳು ತಮ್ಮ ಮೈಮೇಲಿನ ಉಣುಗಿನೊಡನೆ ವೈರಸ್ಸನ್ನು ತಂದವೇ ಎಂಬ ಪ್ರಶ್ನೆ ಎದ್ದಿತು. ಇದನ್ನು ಹುಡುಕುವ ನೆವದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ 1959ರಲ್ಲಿ ಆರಂಭವಾಯಿತು. ಮುಂದೆ ಎಪ್ಪತ್ತರ ದಶಕದಲ್ಲಿ, ವಿದೇಶಿ ಹಣದಿಂದ ನಡೆದ ಇಂಥ ಸಂಶೋಧನೆಗಳ ಹಿಂದೆ ಬೇರೆ ಉದ್ದೇಶವಿತ್ತೇ ಎಂಬ ಶಂಕೆ ಸಂಸತ್ತಿನವರೆಗೂ ಹೋಯಿತು. ಹಕ್ಕಿಗಳು ತಂದವೆಂದು ಯಾರೂ ತೋರಿಸಲಾಗಲಿಲ್ಲ. 1995ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಕಸಾಯಿ ಕೆಲಸದವರ ರಕ್ತದಲ್ಲಿ ಸಿಕ್ಕ ಅಲ್ಖುರ್ಮಾ ಎಂಬ ವೈರಸ್ ನಮ್ಮ ಕ್ಯಾಸನೂರು ವೈರಸ್ಸಿನ ತೀರ ಹತ್ತಿರದ ನೆಂಟನೆಂದು ತಿಳಿದಾಗ ಚಿತ್ರ ಇನ್ನಷ್ಟು ಬದಲಾಯಿತು. ಭಟ್ಕಳದ ಎಷ್ಟೋ ಮನೆಗಳ ದುಡಿಮೆ ಕೊಲ್ಲಿಯ ಕಡೆಯದು. ಆದ್ದರಿಂದ ಹೇಳಿಬಿಡಬೇಕು: ಆ ನೆಂಟಸ್ತನ ನಮ್ಮ ಕಾಲದ್ದಲ್ಲ, ನೂರಾರು ವರ್ಷಗಳ ಹಿಂದೆಯೇ ಕವಲೊಡೆದದ್ದೆಂಬುದು ವಂಶಾವಳಿ ಹುಡುಕಿದವರ ಲೆಕ್ಕ. ಅಂದರೆ ವೈರಸ್ 1957ಕ್ಕೆ ಹೊಸದಾಗಿ ಎಲ್ಲಿಂದಲೋ ಹಾರಿ ಬಂದದ್ದಲ್ಲ. ಕಾಡಿನಲ್ಲಿ ತನ್ನ ಪಾಡಿಗೆ ತಾನು ಇದ್ದಿರಬೇಕು.

ಹಾಗಿದ್ದರೆ ಅದು ಮನುಷ್ಯರ ಕಡೆಗೆ ಹೊರಳಿದ್ದೇಕೆ? ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಕೊಲಂಬಿಯಾದ ಡಾ. ಹೋರ್ಹೆ ಬೊಶೆಲ್. ತಮ್ಮ ದೇಶದಲ್ಲಿ ಅವರು ಪೀತಜ್ವರದ ಬೆನ್ನು ಹತ್ತಿದ್ದಾಗ ಒಂದು ನೋಟ ಕಂಡಿದ್ದರು. ಕಾಡಿನಲ್ಲಿ ಮರ ಕಡಿದು ಉರುಳಿಸಿದಾಗ, ಮರದ ನೆತ್ತಿಯಲ್ಲಿ ಬಾಳುವ ನೀಲಿ ಸೊಳ್ಳೆಗಳು ಕಡಿಯುವವರ ಸುತ್ತ ಮುತ್ತಿಕೊಳ್ಳುತ್ತಿದ್ದವು. ಅರುವತ್ತರ ದಶಕದಲ್ಲಿ ಸಾಗರಕ್ಕೆ ಬಂದು ಇಲ್ಲಿಯ ಕಾಡು ನೋಡಿದಾಗ ಅವರಿಗೆ ಅಂಥದೇ ವಿಷಯ ತೋರಿತು. ಕಾಡನ್ನು ಅಲ್ಲಲ್ಲಿ ಕಡಿದು ಗದ್ದೆ ಮಾಡಿದ್ದಾರೆ; ಅಂಚಿನಲ್ಲಿ ಲಂಟಾನದಂಥ ಪೊದೆ ಬೆಳೆದಿದೆ; ಅಲ್ಲಿಗೆ ದನ ಮೇಯಲು ಬರುತ್ತವೆ. ದನದ ರಕ್ತವುಂಡ ಉಣುಗುಗಳು ಅಲ್ಲೇ ಬಿದ್ದು ಮೊಟ್ಟೆಯಿಡುತ್ತವೆ. ಮಂಗಗಳೂ ಹೊಲದಾಸೆಗೆ ಅದೇ ಅಂಚಿಗೆ ಬರುತ್ತವೆ. ಮಂಗವೊಂದು ರೋಗದಿಂದ ಸತ್ತು ಬಿದ್ದರೆ ತಣ್ಣಗಾದ ಮೈಯಿಂದ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಸೌದೆಗೆ ಬಂದ ಹೆಂಗಸು ಕಾಲಿಡುವುದು ಅಲ್ಲಿಯೇ. ಸತ್ತ ಮಂಗದ ಹೆಣ ಸುಟ್ಟು, ಸುತ್ತಲಿನ ನೆಲಕ್ಕೆ ಔಷಧ ಎರಚಬೇಕೆಂಬ ನಿಯಮ ಬಂದದ್ದು ಈ ತಿಳಿವಿನಿಂದ.

ಈ ಮಾತಿಗೆ ದೊಡ್ಡ ಸಾಕ್ಷಿ ಸಿಕ್ಕಿದ್ದು ನಮ್ಮ ಪಕ್ಕದ ದಕ್ಷಿಣ ಕನ್ನಡದಲ್ಲಿ. ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರುತೋಟಕ್ಕೆಂದು ಕಾಡು ಕಡಿಸಿದರು. 1982ರ ಕೊನೆಯಲ್ಲಿ ಮಂಗಗಳು ಸಾಯತೊಡಗಿದವು. 1983ರ ಬೇಸಿಗೆಯಲ್ಲಿ ಸಾವಿರಕ್ಕೂ ಮೀರಿ ಜನ ಮಲಗಿದರು. ಅಷ್ಟರಲ್ಲಿ ರೋಗ ಘಟ್ಟವಿಳಿದು ಉತ್ತರ ಕನ್ನಡಕ್ಕೂ ಬಂದಾಗಿತ್ತು. ಶಿರಸಿ, ಸಿದ್ದಾಪುರ, ಹೊನ್ನಾವರ, ಭಟ್ಕಳ ಎಂದು ಒಂದೊಂದೇ ತಾಲ್ಲೂಕಿನ ಹೆಸರು ಪಟ್ಟಿಗೆ ಸೇರಿತು. 2012ರಲ್ಲಿ ಬಂಡೀಪುರ, ಮರುವರ್ಷ ವಯನಾಡು, ನೀಲಗಿರಿ, 2015ರಲ್ಲಿ ಗೋವಾ, ಮರುವರ್ಷ ಸಿಂಧುದುರ್ಗ. ಇಷ್ಟು ಊರುಗಳಿಗೆ ರೋಗ ನಡೆದುಹೋಯಿತೋ, ಅಥವಾ ಮೊದಲೇ ಅಲ್ಲಿದ್ದು ನೋಡುವ ಕಣ್ಣು ತಡವಾಗಿ ಬಂತೋ ಎಂದು ತಿಳಿದವರೂ ಕೇಳುತ್ತಾರೆ. ನನಗೆ ಎರಡನೆಯ ಪ್ರಶ್ನೆಯೇ ಹೆಚ್ಚು ಕಾಡುತ್ತದೆ.

ಏಕೆಂದರೆ ಈ ರೋಗಕ್ಕೆ ನೇರವಾದ ಮದ್ದಿಲ್ಲ. ಮೈಯಲ್ಲಿ ನೀರಿಳಿಯದಂತೆ, ರಕ್ತ ಸೋರದಂತೆ ನೋಡಿಕೊಂಡು ಜ್ವರದೊಡನೆ ದಿನ ಕಳೆಯಬೇಕು. ಹೆಚ್ಚಿನವರು ಗುಣವಾಗುತ್ತಾರೆ. ಕೆಲವರಿಗೆ ಬಿಟ್ಟ ಜ್ವರ ವಾರ ಕಳೆದು ಮರುಕಳಿಸಿ ಮಿದುಳಿಗೆ ಹೋಗುತ್ತದೆ. ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ ಎನ್ನುವುದೊಂದು ಸಮಾಧಾನ. ರೋಗಿಯನ್ನು ಆರೈಕೆ ಮಾಡುವ ತಾಯಿ ಹೆದರಬೇಕಿಲ್ಲ. ಲಸಿಕೆಯೊಂದು ಇತ್ತು. ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷವರ್ಷವೂ ಚುಚ್ಚಿಸಿಕೊಳ್ಳಬೇಕು. ಚುಚ್ಚಿದ ಕೈ ಬಲು ನೋಯುತ್ತಿತ್ತು. ದಿನಗೂಲಿಯ ಹೆಂಗಸು ಎರಡು ದಿನ ಕೈಯೆತ್ತಲಾಗದೆ ಕೂತರೆ ಮನೆ ನಡೆಯುವುದು ಹೇಗೆ? ಬಹಳ ಮಂದಿ ಮೊದಲ ಚುಚ್ಚಿಗೇ ನಿಲ್ಲಿಸಿದರು. ಲಸಿಕೆಯ ಬಲವೂ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಲಾಯಿತು. ಹೊಸದನ್ನು ತಯಾರಿಸುವ ಪ್ರಯತ್ನಗಳು ನಡೆದಿವೆ. ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗುವುದು, ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈತಿಕ್ಕಿ ಸ್ನಾನ ಮಾಡುವುದು. ಸದ್ಯಕ್ಕೆ ರಕ್ಷಣೆಯೆಂದರೆ ಇಷ್ಟು.

ಆದ್ದರಿಂದ ಕಣ್ಣಿಡುವ ಕೆಲಸವೇ ಮುಖ್ಯವಾಗುತ್ತದೆ. ಮಂಗ ಸತ್ತದ್ದು ತಿಳಿಯಬೇಕು, ಉಣುಗಿನಲ್ಲಿ ವೈರಸ್ ಇದೆಯೇ ಎಂದು ತಿಳಿಯಬೇಕು, ಜ್ವರ ಬಂದವರ ರಕ್ತ ಪರೀಕ್ಷೆಗೆ ಹೋಗಬೇಕು. ಈ ಮೂರರಲ್ಲಿ ಮೊದಲೆರಡು ಬೇಗ ತಿಳಿದರೆ ಮೂರನೆಯದರ ಸಂಖ್ಯೆ ಕಡಿಮೆ ಮಾಡಬಹುದು. ಆದರೆ ಶಿವಮೊಗ್ಗದ ಪ್ರಯೋಗಾಲಯವಾಗಲಿ ಪುಣೆಯದಾಗಲಿ ಕಾಡಿನ ಮೂಲೆಯಲ್ಲಿ ಬಿದ್ದ ಮಂಗವನ್ನು ತಾನಾಗಿ ಕಾಣಲಾರದು. ಕಾಣುವವಳು ದರಕಿಗೆ ಹೋದವಳು. ಅವಳು ಹೇಳುತ್ತಾಳೆಯೇ? ಅದು ಅವಳಿಗೆ ಅಷ್ಟು ಸುಲಭವಲ್ಲ. ಕಾಡಿಗೆ ಯಾಕೆ ಹೋಗಿದ್ದೆ ಎಂದು ಯಾರಾದರೂ ಗದರಿಸಬಹುದೆಂಬ ಹೆದರಿಕೆ ಒಂದು. ಹೇಳಿದರೆ ಬೆಟ್ಟಕ್ಕೆ ಹೋಗಬೇಡಿ ಎನ್ನುತ್ತಾರೆ. ಹೋಗದಿದ್ದರೆ ಕೊಟ್ಟಿಗೆಗೆ ಸೊಪ್ಪಿಲ್ಲ, ಒಲೆಗೆ ಸೌದೆಯಿಲ್ಲ. ಇನ್ನು ಮಂಗವೆಂದರೆ ಹನುಮಂತ. ಸತ್ತ ಮಂಗಕ್ಕೆ ಹೂವು ಕುಂಕುಮ ಹಾಕಿ, ಕೈಯಾರೆ ಎತ್ತಿ ಮಣ್ಣುಮಾಡುವುದು ಪುಣ್ಯವೆಂದು ನಂಬಿದವರು ನಾವು. ಭಕ್ತಿಯ ಆ ಕೈಗಳಿಗೇ ಉಣುಗು ಹತ್ತುತ್ತದೆ. ಕೈಮುಗಿಯೋಣ, ಆದರೆ ದೂರದಿಂದ. ಮುಟ್ಟುವ ಕೆಲಸ ಕೈಗವಸು ತೊಟ್ಟವರಿಗೆ ಬಿಡೋಣ ಎಂದು ತಿಳಿಸಿ ಹೇಳಿದರೆ ಯಾರ ಭಕ್ತಿಗೂ ಕುಂದಾಗದು.

ಘಟ್ಟದ ಕಡೆಯಿಂದ ನಮ್ಮ ಮನೆಗೆ ಸೌದೆ ತರುತ್ತಿದ್ದ ಹೆಂಗಸೊಬ್ಬಳು ಇದನ್ನೆಲ್ಲ ಯಾರೂ ಹೇಳಿಕೊಡದೆ ಅರಿತಿದ್ದಳು. ಮಂಗದ ಗುಂಪಿನ ಗದ್ದಲ ಇದ್ದಕ್ಕಿದ್ದಂತೆ ನಿಂತರೆ ಆ ಬೆಟ್ಟಕ್ಕೆ ಎರಡು ತಿಂಗಳು ಕಾಲಿಡುತ್ತಿರಲಿಲ್ಲವಂತೆ. ಹೊರೆ ಇಳಿಸಿದ ಮೇಲೆ ಸೀರೆಯ ಅಂಚನ್ನು ಬೆಳಕಿಗೆ ಹಿಡಿದು ಒಂದೊಂದು ಮಡಿಕೆಯನ್ನೂ ನೋಡಿ ಕೊಡವುತ್ತಿದ್ದಳು. ಬಿಳಿ ಬಟ್ಟೆ ಎಳೆಯುವವರು ಮಾಡುವುದೂ ಇದನ್ನೇ ಅಲ್ಲವೇ? ಆದರೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಯಾವ ಪುಸ್ತಕಕ್ಕೂ ಹೋಗಲಿಲ್ಲ.

2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ರೋಗ ಕೆರಳಿ ಹಲವರು ತೀರಿಕೊಂಡರು. ನಮ್ಮ ಘಟ್ಟದ ಆಚೆ ಮಗ್ಗುಲಿನ ಊರದು. 2024ರಲ್ಲಿ ಸಿದ್ದಾಪುರ ತಾಲ್ಲೂಕಿನ ಸರದಿ. ಈಗ ಹಳ್ಳಿಹಳ್ಳಿಗೂ ಆಶಾ ಕಾರ್ಯಕರ್ತೆಯರಿದ್ದಾರೆ; ಅದೇ ಊರಿನ ಸೊಸೆಯರು, ಹೆಣ್ಣುಮಕ್ಕಳು. ದರಕಿನ ಬುಟ್ಟಿ ಹೊತ್ತವಳು ಅಧಿಕಾರಿಯ ಮುಂದೆ ಹೇಳಲು ಹಿಂಜರಿದರೂ ಇವರ ಮುಂದೆ ಹೇಳಿಯಾಳು. ಮಂಗ ಸತ್ತ ಸುದ್ದಿ ಅವಳ ಬಾಯಿಂದ ಇವರ ಕಿವಿಗೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ಮುಟ್ಟಿದರೆ, ಬಿಳಿ ಬಟ್ಟೆ ಹಿಡಿದವರು ಮರುದಿನವೇ ಆ ಜಾಗಕ್ಕೆ ಹೋಗಬಹುದು. ಹಾಗೆ ಹೇಳಿದವಳಿಗೆ ಗದರಿಕೆ ಸಿಗದೆ ಒಂದು ಒಳ್ಳೆಯ ಮಾತು ಸಿಗಬೇಕು, ಬೆಟ್ಟಕ್ಕೆ ಹೋಗದ ಆ ತಿಂಗಳುಗಳಿಗೆ ಅವಳ ಒಲೆಗೆ, ಕೊಟ್ಟಿಗೆಗೆ ಏನಾದರೂ ದಾರಿಯಾಗಬೇಕು. ಡಿಸೆಂಬರಿನಿಂದ ಮೇವರೆಗೆ ಮನೆಬಾಗಿಲಿಗೆ ಸೀಗೆಯೋ ಮುರುಗಲೋ ಹೊತ್ತು ಬಂದವಳ ಹತ್ತಿರ ನಾವು ಬೆಲೆಯ ಮಾತೊಂದನ್ನೇ ಆಡದೆ, ನಿಮ್ಮ ಕಡೆ ಮಂಗಗಳು ಹೇಗಿವೆ, ಎಣ್ಣೆ ಹಚ್ಚಿಕೊಂಡು ಹೋಗುತ್ತೀಯಾ ಎಂದೂ ಕೇಳಬಹುದು.